ಮೂರನೇ ತರಗತಿಯ ಓದು ಕೇಳಿ, ಆಮೇಲೆ ಫೀ ಕಟ್ಟಿ

ನಿಮ್ಮ ಮಗುವಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿದ್ದರೆ ಮನೆಯಲ್ಲಿ ಈ ಮಾತು ಆಗಲೇ ಬಂದಿರುತ್ತದೆ: ಊರ ಕನ್ನಡ ಸಾಲಿಗೆ ಹಾಕುವುದೋ, ಹಳದಿ ಬಸ್ಸು ಬಂದು ಕರೆದೊಯ್ಯುವ ಇಂಗ್ಲಿಷ್ ಮೀಡಿಯಂಗೆ ಹಾಕುವುದೋ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ಬಹಳಷ್ಟು ಮನೆಗಳಲ್ಲಿ ಈ ತೀರ್ಮಾನವನ್ನು ಯಾರೂ ಕುಳಿತು ಮಾಡುವುದಿಲ್ಲ, ಅದು ತಾನಾಗಿ ಆಗಿಬಿಡುತ್ತದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025-26ನೇ ಸಾಲಿಗೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಅಲ್ಲಿಯವರೆಗೆ ಊರಲ್ಲಿರುವುದು ಅಂಗನವಾಡಿ. ಖಾಸಗಿ ಶಾಲೆ ನಾಲ್ಕನೇ ವರ್ಷಕ್ಕೇ ಎಲ್‌ಕೆಜಿಯ ಬಾಗಿಲು ತೆರೆದಿರುತ್ತದೆ. ಓಣಿಯ ನಾಲ್ಕು ಮಕ್ಕಳು ಟೈ ಕಟ್ಟಿಕೊಂಡು ಬಸ್ಸು ಹತ್ತಿದರೆ ಐದನೆಯದೂ ಹತ್ತುತ್ತದೆ. ಎಲ್‌ಕೆಜಿಗೆ ಸೇರಿದ ಮಗು ಅದೇ ಶಾಲೆಯಲ್ಲಿ ಒಂದನೇ ತರಗತಿಗೆ ಹೋಗುತ್ತದೆ. ಹತ್ತು-ಹನ್ನೆರಡು ವರ್ಷದ ಖರ್ಚು, ಮಗು ಕಲಿಯುವ ಭಾಷೆ, ದಿನಾ ಬಸ್ಸಿನಲ್ಲಿ ಕಳೆಯುವ ಹೊತ್ತು ಎಲ್ಲವೂ ಹೀಗೆ ಒಂದು ಬೇಸಿಗೆಯ ಅವಸರದಲ್ಲಿ ಗೊತ್ತಾಗಿ ಹೋಗುತ್ತವೆ.

ಸರ್ಕಾರಿ, ಖಾಸಗಿ ಎಂಬ ಗೆರೆ ಈ ಸೀಮೆಯಲ್ಲಿ ಯಾವಾಗಲೂ ಬಡವ-ಬಲ್ಲಿದರ ಗೆರೆಯಾಗಿರಲಿಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ ಮರಾಠಿಯ ಒತ್ತಿನ ನಡುವೆ ಕನ್ನಡ ಶಾಲೆಗಳನ್ನು ಕಟ್ಟಿ ನಿಲ್ಲಿಸಿದ ಡೆಪ್ಯುಟಿ ಚನ್ನಬಸಪ್ಪನವರು ಸರ್ಕಾರಿ ಅಧಿಕಾರಿ. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದೇ ಬರೆದಿಟ್ಟರು. ಅದಾಗಿ ಹತ್ತು ವರ್ಷಕ್ಕೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಮಠಗಳು ನಡೆಸಿದ ಶಾಲೆಗಳಿಗೂ ಬಂದವರು ರೈತರ, ನೇಕಾರರ ಮಕ್ಕಳೇ. ಈಗ ಸರ್ಕಾರಿ, ಖಾಸಗಿ ಎಂಬ ಅದೇ ಎರಡು ಹೆಸರುಗಳನ್ನು ಮರ್ಯಾದೆಯ ಅಳತೆಗೋಲಾಗಿ ಮಾಡಿಕೊಂಡಿದ್ದೇವೆ. ಈ ಲೇಖನ ಹೇಳುವುದು ಇಷ್ಟೇ: ಸಣ್ಣ ಮಗುವಿಗೆ ಶಾಲೆ ಆರಿಸುವಾಗ ಹೊರಗಿನ ಫಲಕ ನೋಡಬೇಡಿ, ಅದೇ ಶಾಲೆಯ ಮೂರನೇ ತರಗತಿಯ ಮಕ್ಕಳು ಓದುವುದನ್ನು ಕೇಳಿ. ಅವರು ಅರ್ಥ ಮಾಡಿಕೊಂಡು ಓದುತ್ತಿದ್ದರೆ ಸಮೀಪದ ಶಾಲೆಯನ್ನು, ಹೆಚ್ಚಿನ ಮಟ್ಟಿಗೆ ಊರ ಸರ್ಕಾರಿ ಶಾಲೆಯನ್ನೇ, ಆರಿಸಿ. ಓದುತ್ತಿಲ್ಲವಾದರೆ ಯಾವ ಅಭಿಮಾನವನ್ನೂ ಇಟ್ಟುಕೊಳ್ಳದೆ ಬೇರೆ ಶಾಲೆ ಹುಡುಕಿ.

ಫಲಕ ಏಕೆ ನಂಬಿಕೆಗೆ ತಕ್ಕದ್ದಲ್ಲ?

‘ಪ್ರಥಮ್’ ಸಂಸ್ಥೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುವ ‘ಅಸರ್’ ಸಮೀಕ್ಷೆಯ 2024ರ ಅಂಕಿಗಳ ಪ್ರಕಾರ, ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4 ಮಾತ್ರ. ಇದನ್ನು ಕೇಳಿದವರು ಖಾಸಗಿಯೇ ವಾಸಿ ಎಂದುಬಿಡುತ್ತಾರೆ. ಆದರೆ ಅದೇ ಸಮೀಕ್ಷೆಯಲ್ಲಿ ಖಾಸಗಿ ಶಾಲೆಗಳ ಮೂರನೇ ತರಗತಿಯಲ್ಲೂ ಓದಬಲ್ಲವರು ಸುಮಾರು ಮೂವರಲ್ಲಿ ಒಬ್ಬರಷ್ಟೇ. ಫೀ ಕಟ್ಟಿ, ಬಸ್ಸು ಹತ್ತಿಸಿ, ಮೂರು ವರ್ಷ ಕಳೆದ ಮೇಲೂ ಉಳಿದಿಬ್ಬರು ಒಂದು ಪುಟ್ಟ ಕತೆಯನ್ನು ಓದಲಾರರು. ಇನ್ನು ಆ ನಾಲ್ವರಲ್ಲಿ ಒಬ್ಬ, ಮೂವರಲ್ಲಿ ಒಬ್ಬ ಎಂಬ ಅಂತರವಾದರೂ ಶಾಲೆಯಿಂದಲೇ ಬಂದದ್ದೇ? ಖಾಸಗಿ ಶಾಲೆಗೆ ಹೋಗುವ ಮಗುವಿನ ಮನೆಯಲ್ಲಿ ಓದಿದ ತಾಯಿ, ಒಂದಿಷ್ಟು ಪುಸ್ತಕ, ಸಂಜೆಯ ಟ್ಯೂಷನ್ ಇರುವ ಸಾಧ್ಯತೆ ಹೆಚ್ಚು. ಮನೆಯ ಪಾಲೆಷ್ಟು, ಶಾಲೆಯ ಪಾಲೆಷ್ಟು ಎಂದು ಬೇರ್ಪಡಿಸದೆ ಶಾಲೆಗೆ ಅಂಕ ಕೊಡಲಾಗದು.

ಅದನ್ನು ಬೇರ್ಪಡಿಸಿ ನೋಡಿದ ಒಂದು ದೊಡ್ಡ ಪ್ರಯೋಗ ನಮ್ಮ ಪಕ್ಕದಲ್ಲೇ ನಡೆದಿದೆ. ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ, ಖಾಸಗಿ ಶಾಲೆಗೆ ಹೋಗಲು ಅರ್ಜಿ ಹಾಕಿದ ಸರ್ಕಾರಿ ಶಾಲೆಯ ಮಕ್ಕಳ ಹೆಸರನ್ನು ಲಾಟರಿ ಎತ್ತಿ, ಗೆದ್ದವರ ಖಾಸಗಿ ಶಾಲೆಯ ಫೀಯನ್ನು ಯೋಜನೆಯಿಂದಲೇ ಕಟ್ಟಲಾಯಿತು. ಗೆದ್ದವರು, ಸೋತವರು ಇಬ್ಬರೂ ಒಂದೇ ಬಗೆಯ ಮನೆಯವರು, ವ್ಯತ್ಯಾಸವೇನಿದ್ದರೂ ಶಾಲೆಯದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ನಾಲ್ಕು ವರ್ಷಗಳ ನಂತರ ಪರೀಕ್ಷೆ ಮಾಡಿದಾಗ ತೆಲುಗಿನಲ್ಲೂ ಗಣಿತದಲ್ಲೂ ಎರಡೂ ಗುಂಪಿನ ಅಂಕಗಳು ಸಮಸಮವಾಗಿದ್ದವು. ಖಾಸಗಿಗೆ ಹೋದವರು ಸ್ಪಷ್ಟವಾಗಿ ಮುಂದಿದ್ದದ್ದು ಹಿಂದಿಯಲ್ಲಿ. ಖಾಸಗಿ ಶಾಲೆಗಳನ್ನು ತೆಗಳಲು ಇದನ್ನು ಬಳಸುವುದು ಸರಿಯಲ್ಲ. ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಅವು ಇಷ್ಟೇ ಫಲ ಕೊಟ್ಟವು, ತೆಲುಗು-ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟೂ ಹಿಂದೆ ಬೀಳಲಿಲ್ಲ. ಆದರೆ ತಂದೆತಾಯಿಗೆ ಸರ್ಕಾರದ ಖರ್ಚಿನ ಲೆಕ್ಕ ಬೇಕಿಲ್ಲ. ಅವರ ಕಿಸೆಯಿಂದ ಒಂದು ಕಡೆ ಏನೂ ಹೋಗುವುದಿಲ್ಲ, ಇನ್ನೊಂದು ಕಡೆ ಸಾವಿರಾರು ರೂಪಾಯಿ ಹೋಗುತ್ತದೆ, ಓದು-ಲೆಕ್ಕದಲ್ಲಿ ಸಿಗುವುದು ಅಷ್ಟೇ. ‘ಜಾಣ ಮಕ್ಕಳೆಲ್ಲ ಖಾಸಗಿಗೆ ಹೋದ ಮೇಲೆ ಉಳಿದವರ ಜತೆ ನಮ್ಮ ಮಗು ಹಾಳಾಗುತ್ತದೆ’ ಎಂಬ ಅಂಜಿಕೆಗೂ ಇದರಲ್ಲಿ ಉತ್ತರವಿದೆ: ಜತೆಯವರು ಬಿಟ್ಟುಹೋದ ಮೇಲೆ ಸರ್ಕಾರಿ ಶಾಲೆಯಲ್ಲೇ ಉಳಿದ ಮಕ್ಕಳ ಕಲಿಕೆಗೆ ಅದರಿಂದ ಪೆಟ್ಟು ಬಿದ್ದದ್ದು ಕಾಣಲಿಲ್ಲ.

ಮೂರನೇ ತರಗತಿಯೇ ಏಕೆ?

ಕನ್ನಡದ ಮಗು ಕಲಿಯಬೇಕಾದದ್ದು ಐವತ್ತು ಚಿಲ್ಲರೆ ಅಕ್ಷರ ಎಂದು ನಾವು ಅಂದುಕೊಂಡಿರುತ್ತೇವೆ. ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿದ್ದೂ ಇದನ್ನೇ: ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಒಂದನೇ ತರಗತಿಗೆ ಮುಗಿಯದೆ ಮೂರು-ನಾಲ್ಕನೇ ತರಗತಿಯವರೆಗೆ ಸಾಗುತ್ತದೆ. ಹೀಗಾಗಿ ಯುಕೆಜಿ ಮಗು ತಪ್ಪಿಲ್ಲದೆ ಬರೆದದ್ದನ್ನು ನೋಡಿ ಹಿಗ್ಗಬೇಕಾಗಿಲ್ಲ, ಎರಡನೇ ತರಗತಿಯ ಮಗು ತಡವರಿಸಿದರೆ ಗಾಬರಿಯಾಗಬೇಕಾಗಿಯೂ ಇಲ್ಲ. ಮೂರನೇ ತರಗತಿಯ ಕೊನೆಗೆ ಮಾತ್ರ ಶಾಲೆಯ ಕೆಲಸ ಕಣ್ಣಿಗೆ ಕಾಣಬೇಕು. ನಾಲ್ಕರಿಂದ ಮುಂದೆ ಪರಿಸರ, ಗಣಿತ, ಸಮಾಜ ಎಲ್ಲವೂ ಓದಿ ತಿಳಿಯುವ ವಿಷಯಗಳು. ಓದು ಬಾರದ ಮಗುವಿಗೆ ಎಲ್ಲ ಪಾಠವೂ ಒಟ್ಟಿಗೇ ಮುಚ್ಚಿಹೋಗುತ್ತದೆ.

ಸರ್ಕಾರಿ ಕನ್ನಡ ಶಾಲೆಗೆ ಹೋದ ಪೋಷಕರು ಅಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡು ಹಿಡಿದು ಗುಂಪುಗುಂಪಾಗಿ ಆಡುತ್ತಿರುವುದನ್ನು ಕಂಡು ‘ಇಲ್ಲಿ ಪಾಠವೇ ಇಲ್ಲ’ ಎಂದು ಮರಳುವುದುಂಟು. ಅದು ‘ನಲಿ-ಕಲಿ’. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ. ಪ್ರತಿ ಮಗು ತನ್ನ ಮೆಟ್ಟಿಲು ದಾಟಿ ತನ್ನ ವೇಗದಲ್ಲಿ ಮುಂದೆ ಹೋಗಲಿ ಎಂಬುದು ಇದರ ತರ್ಕ. ಶಿಕ್ಷಕಿ ಪ್ರತಿ ಗುಂಪಿನ ಹತ್ತಿರ ಕುಳಿತು ಯಾವ ಮಗು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುವ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಒಬ್ಬರೇ ಶಿಕ್ಷಕರು ಬಿಸಿಯೂಟದ ಲೆಕ್ಕ, ಕಚೇರಿಯ ಮಾಹಿತಿ, ಐದು ತರಗತಿ ಎಲ್ಲವನ್ನೂ ಹೊತ್ತ ಕಡೆ ಮಕ್ಕಳು ನಿಜಕ್ಕೂ ಬರೀ ಆಡುತ್ತಿರುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮೂರನೇ ತರಗತಿಯ ಮಗುವಿನಿಂದ ಓದಿಸಿದಾಗ ಬೇರೆಯಾಗುತ್ತವೆ.

‘ಇಂಗ್ಲಿಷ್ ಇಲ್ಲದೆ ಬದುಕು ಹೇಗೆ?’

ಇದು ಹುಸಿ ಆತಂಕವಲ್ಲ. ಪಿಯುಸಿ ವಿಜ್ಞಾನ, ಎಂಜಿನಿಯರಿಂಗ್, ಬೆಂಗಳೂರು-ಪುಣೆಯ ಕೆಲಸ ಎಲ್ಲಕ್ಕೂ ಇಂಗ್ಲಿಷ್ ಬೇಕು, ರೈತನ ಮಗನಿಗೆ ಅದು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಮಾಧ್ಯಮದ ಆಯ್ಕೆ ನಿಮ್ಮದು. ಪ್ರಶ್ನೆ ಇರುವುದು ಇಂಗ್ಲಿಷ್ ಬರುವ ದಾರಿಯ ಬಗ್ಗೆ. ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಯುವುದು ಬೇರೆ, ತಿಳಿಯದ ಭಾಷೆಯಲ್ಲಿ ಗಣಿತ-ಪರಿಸರ ಕಲಿಯುವುದು ಬೇರೆ. ಶಿಕ್ಷಕಿಗೂ ಇಂಗ್ಲಿಷ್ ಮಾತು ಸಲೀಸಾಗಿ ಬಾರದ, ಮನೆಯಲ್ಲೂ ಯಾರೂ ಆಡದ ಕಡೆ ‘ಇಂಗ್ಲಿಷ್ ಮಾಧ್ಯಮ’ ಎಂದರೆ ಪ್ರಶ್ನೋತ್ತರ ಬಾಯಿಪಾಠ ಎಂದಷ್ಟೇ ಅರ್ಥ. ಆಂಧ್ರದ ಅಧ್ಯಯನದಲ್ಲೂ ತೆಲುಗು ಮಾಧ್ಯಮದ ಖಾಸಗಿ ಶಾಲೆಗಳಿಗೆ ಹೋದ ಮಕ್ಕಳ ಕಲಿಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದವರಿಗಿಂತ ಚೆನ್ನಾಗಿತ್ತೆಂಬ ಸೂಚನೆ ಇದೆ. ಹಳ್ಳಿಯಲ್ಲಿ ಕನ್ನಡ ಕಲಿತು ಬಂದ ಮಗುವನ್ನು ಒಮ್ಮೆಲೇ ಬೇರೆ ಭಾಷೆಯ ತರಗತಿಗೆ ಇಳಿಸಿದಾಗ ಅದು ಎರಡು ಕೆಲಸ ಒಟ್ಟಿಗೆ ಮಾಡಬೇಕಾಗುತ್ತದೆ, ಎರಡೂ ಅರೆಬರೆಯಾಗುತ್ತವೆ.

ಇನ್ನೊಂದು ಮಾತು. ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಐದನೇ ತರಗತಿಗೆ ಶುರುವಾಗುತ್ತದೆ ಎಂದು ಅಜ್ಜ-ಅಜ್ಜಿಯರ ಕಾಲದ ಲೆಕ್ಕದಲ್ಲಿ ಹೇಳುವವರಿದ್ದಾರೆ. 2007-08ರಿಂದಲೇ ಅದು ಒಂದನೇ ತರಗತಿಯಿಂದ ಒಂದು ವಿಷಯವಾಗಿದೆ. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಕೆಲವು ಕಡೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಿವೆ. ಚೆನ್ನಾಗಿ ಕಲಿಸುತ್ತಾರೆಯೇ ಎಂಬುದು ಮತ್ತೆ ಹೋಗಿ ನೋಡಿಯೇ ತಿಳಿಯಬೇಕಾದ ಮಾತು.

‘ಸರ್ಕಾರಿ ಶಾಲೆಯ ಮಾಸ್ತರರೇ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸ್ತಾರಲ್ಲ?’ ಎಂಬುದು ಎಲ್ಲಕ್ಕಿಂತ ಚುಚ್ಚುವ ಪ್ರಶ್ನೆ. ಕಳಿಸುವವರು ಇದ್ದಾರೆ, ನಿಜ. ಆದರೆ ಮಾಸ್ತರರ ಮನೆಯಲ್ಲಿ ಸಂಜೆ ಇಂಗ್ಲಿಷ್ ಪಾಠ ಬಿಡಿಸಿ ಹೇಳಲು ಕನಿಷ್ಠ ಒಬ್ಬರಿದ್ದಾರೆ, ತಿಂಗಳ ಪಗಾರವೂ ಇದೆ. ಶಾಲೆ ಬಿಟ್ಟ ಭಾಗವನ್ನು ಆ ಮನೆ ತುಂಬಿಕೊಡುತ್ತದೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ನೀವೂ ಆ ದಾರಿ ಹಿಡಿಯಬಹುದು. ಇಲ್ಲದಿದ್ದರೆ ಅವರ ಆಯ್ಕೆ ನಿಮಗೆ ಮಾದರಿಯಾಗಲಾರದು.

ಮಾಡಬೇಕಾದದ್ದು

1. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಶಾಲೆ ನೋಡಿ. ಬೇಸಿಗೆಯಲ್ಲಿ ಹೋದರೆ ಕಾಣುವುದು ಕಟ್ಟಡ, ಬಣ್ಣ, ಸ್ವಾಗತ ಕೊಠಡಿ. ತರಗತಿ ನಡೆಯುವ ದಿನ, ಬೆಳಗಿನ ಎರಡನೇ ಅವಧಿಗೆ ಹೋಗಿ. ಸವದತ್ತಿ ಕಡೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಆಸುಪಾಸು ಎಲ್ಲಮ್ಮನ ಗುಡ್ಡದ ಜನಜಾತ್ರೆಯಲ್ಲಿ ಹಾಜರಿಯೇ ಕಡಿಮೆ. ಆ ವಾರ ನೋಡಿ ಯಾವ ಶಾಲೆಯನ್ನೂ ಅಳೆಯಬೇಡಿ. ನಾಲ್ಕೈದು ಶಾಲೆಗಳ ಪಟ್ಟಿ ಮಾಡಿಕೊಳ್ಳಿ. ಸರ್ಕಾರಿ ಮತ್ತು ಫೀ ಶಾಲೆಗಳ ನಡುವೆ ಅನುದಾನಿತ ಶಾಲೆಗಳು, ಮಠಗಳು ನಡೆಸುವ ಕನ್ನಡ ಮಾಧ್ಯಮದ ಶಾಲೆಗಳೂ ಇರುತ್ತವೆ ಎಂಬುದನ್ನು ಮರೆಯಬೇಡಿ. ಖಾಸಗಿ ಎಂದರೆ ಇಂಗ್ಲಿಷ್ ಮೀಡಿಯಂ ಎಂದೇ ನಾವು ಲೆಕ್ಕ ಹಾಕಿಬಿಟ್ಟಿದ್ದೇವೆ.

2. ಮೂರನೇ ತರಗತಿಯ ಓದು ಕೇಳಿ. ಎರಡನೇ ತರಗತಿಯ ಒಂದು ಕನ್ನಡ ಪುಸ್ತಕ ಅಥವಾ ಮಕ್ಕಳ ಯಾವುದಾದರೂ ಕತೆ ಪುಸ್ತಕ ಜತೆಗಿರಲಿ. ಮುಖ್ಯ ಶಿಕ್ಷಕರ ಅನುಮತಿ ಕೇಳಿ, ವಿನಯದಿಂದ. ‘ಚೆನ್ನಾಗಿ ಓದುವವರನ್ನು ಕರೆಯುತ್ತೇನೆ’ ಎಂದರೆ ಬೇಡವೆನ್ನಿ. ಹಾಜರಿ ಪುಸ್ತಕದ ಪ್ರತಿ ಐದನೇ ಹೆಸರು ಎಂದೋ, ಕೊನೆಯ ಸಾಲಿನವರು ಎಂದೋ ನೀವೇ ಐವರನ್ನು ಹೇಳಿ. ಅವರು ಮೊದಲು ನೋಡಿರದ ನಾಲ್ಕು ಸಾಲು ಓದಿಸಿ. ಆಮೇಲೆ ಪುಸ್ತಕ ಮುಚ್ಚಿ, ‘ಏನಾಯ್ತು ಕತೆಯಲ್ಲಿ?’ ಎಂದು ಕೇಳಿ. ಇದೇ ನಿಜವಾದ ಪ್ರಶ್ನೆ. ಇಂಗ್ಲಿಷ್ ಮಾಧ್ಯಮದಲ್ಲಾದರೆ ಅವರ ಪಠ್ಯದ ಹೊರಗಿನ ಎರಡು ಸರಳ ಇಂಗ್ಲಿಷ್ ವಾಕ್ಯ ಓದಿಸಿ, ಅರ್ಥವನ್ನು ಕನ್ನಡದಲ್ಲೇ ಹೇಳಲು ಬಿಡಿ. ಸರಾಗವಾಗಿ ಉಚ್ಚರಿಸಿ ಅರ್ಥ ಹೇಳಲಾರದ ಮಗು ಓದಿದಂತಲ್ಲ. ಕೊನೆಗೆ 52ರಿಂದ 27 ಕಳೆಯುವಂಥ, ದಶಕ ತೆಗೆದುಕೊಳ್ಳಬೇಕಾದ ಒಂದು ಲೆಕ್ಕ ಕೊಡಿ. ಐವರಲ್ಲಿ ಮೂವರಾದರೂ ಎರಡನ್ನೂ ಮಾಡಿದರೆ ಆ ಶಾಲೆ ನಿಮ್ಮ ಪಟ್ಟಿಯಲ್ಲಿ ಮೇಲಿರಲಿ. ಐದು ಮಕ್ಕಳಿಂದ ಇಡೀ ಶಾಲೆಯನ್ನು ಅಳೆಯಬಹುದೇ ಎಂದರೆ, ಪೂರಾ ಅಳೆಯಲಾಗದು. ಆದರೆ ಕರಪತ್ರ ನೋಡಿ ಅಳೆಯುವುದಕ್ಕಿಂತ ಇದು ಮೇಲು. ಖಾಸಗಿ ಶಾಲೆ ಅನುಮತಿ ಕೊಡದಿದ್ದರೆ ಅದೇ ಶಾಲೆಯ ಮೂರನೇ ತರಗತಿಗೆ ಹೋಗುವ ಓಣಿಯ ಎರಡು ಮಕ್ಕಳನ್ನು ಮನೆಗೆ ಕರೆಸಿ ಓದಿಸಿ.

3. ಮೊದಲ ಮೂರು ತರಗತಿಗೆ ಯಾರು ಕಲಿಸುತ್ತಾರೆ ಎಂದು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು ಶಿಕ್ಷಕರಿರಬೇಕು. ಸರ್ಕಾರಿ ಶಾಲೆಯಲ್ಲಿ ಕೇಳಬೇಕಾದದ್ದು: ಕಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು, ಯಾವ ಹುದ್ದೆ ಎಷ್ಟು ದಿನದಿಂದ ಖಾಲಿ? ಇಡೀ ಶಾಲೆಗೆ ಒಬ್ಬರೇ ಕಾಯಂ ಶಿಕ್ಷಕರಿದ್ದು, ಅವರೂ ಕಚೇರಿ ಕೆಲಸಕ್ಕೆ ಹೋಗುತ್ತಾರೆಂದರೆ ನನ್ನ ಸಲಹೆ ಸ್ಪಷ್ಟ: ಆ ಶಾಲೆ ಬೇಡ. ಖಾಸಗಿಯಲ್ಲಿ ಕೇಳಬೇಕಾದದ್ದು ಬೇರೆ: ಎಲ್‌ಕೆಜಿ, ಒಂದನೇ ತರಗತಿಯ ಟೀಚರ್‌ಗೆ ಡಿ.ಇಡಿ. ಆಗಿದೆಯೇ, ಹೋದ ವರ್ಷವೂ ಅವರೇ ಇದ್ದರೇ? ಕಡಿಮೆ ಸಂಬಳದ ಶಾಲೆಗಳಲ್ಲಿ ಶಿಕ್ಷಕಿಯರು ವರ್ಷ ವರ್ಷವೂ ಬದಲಾಗುತ್ತಾರೆ, ಸಣ್ಣ ಮಗುವಿಗೆ ಅದು ಶಾಲೆಯೇ ಬದಲಾದಂತೆ.

4. ಕಾಗದ ನೋಡಿ. ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಇದೆ, ಕರ್ನಾಟಕದ್ದು 29ರಿಂದ ಶುರು. ಅದನ್ನು ಬರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ: ಮಾನ್ಯತೆ ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ? ಎಲ್‌ಕೆಜಿ ನಡೆಯುತ್ತದೆಂದ ಮಾತ್ರಕ್ಕೆ ಒಂದನೇ ತರಗತಿಗೆ ಅನುಮತಿ ಇದೆ ಎಂದಲ್ಲ. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷ್‌ನಲ್ಲಿ ಕಲಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು 2006ರಲ್ಲಿ ಸರ್ಕಾರ ರದ್ದು ಮಾಡಿದಾಗ ಪೇಚಿಗೆ ಸಿಕ್ಕವರು ಪೋಷಕರು.

5. ದಾರಿಯ ಹೊತ್ತನ್ನು ಲೆಕ್ಕ ಹಾಕಿ. ಕಟಕೋಳದಿಂದ ರಾಮದುರ್ಗಕ್ಕೋ, ದೊಡವಾಡದಿಂದ ಬೈಲಹೊಂಗಲಕ್ಕೋ ಹೋಗುವ ಬಸ್ಸು ನೇರ ಹೋಗುವುದಿಲ್ಲ, ಊರೂರು ಸುತ್ತುತ್ತದೆ. ನಾಲ್ಕು ವರ್ಷದ ಮಗು ಎಷ್ಟು ಗಂಟೆಗೆ ಎದ್ದು, ಏನು ತಿಂದು, ಎಷ್ಟು ಹೊತ್ತು ಕುಳಿತು ಹೋಗುತ್ತದೆ? ಬಸ್ಸಿನಲ್ಲಿ ಸಹಾಯಕಿ ಇದ್ದಾರೆಯೇ, ಸೀಟಿಗೊಂದು ಮಗುವೇ? ಮಳೆಗಾಲದಲ್ಲಿ ಹಳ್ಳ ದಾಟುವ ದಾರಿ ಯಾವುದು? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆ ಏನಾಯಿತೆಂದು ಕಂಡವರಿಗೆ ಈ ಪ್ರಶ್ನೆ ಅತಿಯೆನಿಸದು.

6. ಒಂದು ವರ್ಷದ ಫೀ ನೋಡದೆ ಹತ್ತು ವರ್ಷದ್ದು ಕೂಡಿಸಿ. ಫೀ, ಬಸ್ಸು, ಪುಸ್ತಕ, ಸಮವಸ್ತ್ರ, ‘ಇತರೆ’, ಸಂಜೆಯ ಟ್ಯೂಷನ್ ಎಲ್ಲ ಸೇರಿಸಿ, ವರ್ಷಕ್ಕೊಂದಿಷ್ಟು ಏರಿಕೆ ಹಿಡಿದು, ಎರಡು ಮಕ್ಕಳಿದ್ದರೆ ಎರಡರಿಂದ ಗುಣಿಸಿ. ಈ ಭಾಗದಲ್ಲಿ ಇನ್ನೊಂದು ತೊಡಕಿದೆ: ಫೀ ಕಟ್ಟುವ ಜೂನ್ ತಿಂಗಳೇ ಸೋಯಾ, ಹೆಸರು, ಗೋವಿನಜೋಳದ ಬೀಜ-ಗೊಬ್ಬರಕ್ಕೂ ಕೈಯಲ್ಲಿ ರೊಕ್ಕ ಇರಬೇಕಾದ ತಿಂಗಳು, ಮಾಲು ಮಾರಿ ದುಡ್ಡು ಬರುವುದು ದಸರೆ-ದೀಪಾವಳಿಯ ಹೊತ್ತಿಗೆ. ಮಳೆ ಕೈಕೊಟ್ಟ ವರ್ಷ ಎಲ್ಲಕ್ಕಿಂತ ಮೊದಲು ಮಗುವಿನ ಶಾಲೆ ಬದಲಾಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕು ವರ್ಷ ಕಲಿತು, ಕನ್ನಡ ಓದೂ ಸರಿಯಾಗಿ ಬಾರದೆ, ಐದಕ್ಕೆ ಕನ್ನಡ ಶಾಲೆಗೆ ಬರುವ ಮಗುವಿನ ಸ್ಥಿತಿ ಎರಡೂ ದಾರಿಗಳಿಗಿಂತ ಕೆಟ್ಟದ್ದು. ಹತ್ತು ವರ್ಷ ನಿಭಾಯಿಸಬಲ್ಲ ಶಾಲೆಯನ್ನೇ ಆರಿಸಿ.

7. ಮುಂದಿನ ಬಾಗಿಲುಗಳನ್ನು ನೆನಪಿಡಿ. ಒಂದನೇ ತರಗತಿಯ ಆಯ್ಕೆ ಹಣೆಬರಹವಲ್ಲ. ಆರನೇ ತರಗತಿಗೆ ಇನ್ನೊಂದು ಸಾಲು ಬಾಗಿಲು ತೆರೆಯುತ್ತವೆ: ಚಿಕ್ಕೋಡಿ ತಾಲ್ಲೂಕಿನ ಕೊಥಳಿಯ ನವೋದಯ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯ, ಹೆಣ್ಣುಮಕ್ಕಳಿಗೆ ಕಿತ್ತೂರಿನಲ್ಲಿ 1969ರಿಂದ ನಡೆಯುತ್ತಿರುವ ಸೈನಿಕ ಶಾಲೆ. ನವೋದಯದ ಮುಕ್ಕಾಲು ಪಾಲು ಸೀಟು ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇನ್ನೂ ದೂರ ನೋಡಿದರೆ, ಸಿಇಟಿ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಹಳ್ಳಿಯ ಮಗುವನ್ನು ಒಂದನೇ ತರಗತಿಗೇ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ದಿನವೇ ಎರಡೂ ಕೈಬಿಟ್ಟುಹೋಗುತ್ತವೆ. ಆ ನಷ್ಟ ಒಪ್ಪಿಗೆಯಾದರೆ ತಿಳಿದೇ ಒಪ್ಪಿಕೊಳ್ಳಿ. ಸಿಇಟಿ ಅರ್ಜಿ ತುಂಬುವಾಗ ಗೊತ್ತಾಗುವವರೇ ಹೆಚ್ಚು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಸ್ಸೆಸ್ಸೆಲ್ಸಿ ಫಲಿತಾಂಶದ ಬ್ಯಾನರ್ ನೋಡಿ ಎಲ್‌ಕೆಜಿಗೆ ಸೇರಿಸುವುದು ಮೊದಲ ತಪ್ಪು. ಹತ್ತನೇ ತರಗತಿಯಲ್ಲಿ ಶೇ 95 ತೆಗೆದ ಮಗು ಆ ಶಾಲೆಗೆ ಎಂಟನೇ ತರಗತಿಗೆ ಬಂದಿರಬಹುದು, ಅಕ್ಷರ ಕಲಿತದ್ದು ಯಾವುದೋ ಕನ್ನಡ ಸಾಲಿಯಲ್ಲಿ ಇರಬಹುದು. ಎರಡನೆಯದು, ಹೋಂವರ್ಕಿನ ಭಾರದಿಂದ ಶಾಲೆಯನ್ನು ತೂಗುವುದು. ನಾಲ್ಕು ವರ್ಷದ ಕೈಯಿಂದ ಪುಟಗಟ್ಟಲೆ ಬರೆಸುವ ಶಾಲೆ ಓದು ಕಲಿಸುತ್ತಿದೆ ಎಂದೇನಲ್ಲ; ಮಗುವಿನ ಹೋಂವರ್ಕನ್ನು ತಾಯಿ ಬರೆಯುವ ಮನೆಗಳೂ ಇವೆ. ಮೂರನೆಯದು, ವಯಸ್ಸು ತಿದ್ದಿ ಬೇಗ ಸೇರಿಸುವುದು. ಬೇಗ ಸೇರಿದ ಮಗು ಬೇಗ ಕಲಿಯುವುದಿಲ್ಲ, ತನಗಿಂತ ದೊಡ್ಡವರ ಹಿಂದೆ ಓಡುತ್ತದೆ ಅಷ್ಟೇ.

ನಾಲ್ಕನೆಯದನ್ನು ಯಾರೂ ತಪ್ಪು ಎಂದು ಹೇಳುವುದೇ ಇಲ್ಲ: ಮಗನಿಗೆ ಕಾನ್ವೆಂಟು, ಮಗಳಿಗೆ ಕನ್ನಡ ಸಾಲಿ. ಒಂದೇ ಮನೆಯಲ್ಲಿ ಎರಡು ಲೆಕ್ಕ. ಸರ್ಕಾರಿ ಶಾಲೆ ಒಳ್ಳೆಯದೆಂದು ಮಗಳನ್ನು ಕಳಿಸಿದ್ದರೆ ಮಗನೂ ಅಲ್ಲಿಗೇ ಹೋಗಲಿ. ಸರಿಯಿಲ್ಲವೆನ್ನುವುದಾದರೆ ಮಗಳನ್ನು ಅಲ್ಲಿ ಬಿಟ್ಟದ್ದೇಕೆ? ಚನ್ನಮ್ಮ, ಬೆಳವಡಿ ಮಲ್ಲಮ್ಮರ ಹೆಸರನ್ನು ಸಭೆಸಭೆಯಲ್ಲಿ ಎತ್ತುವ ನಾಡಿನಲ್ಲಿ ಈ ಪ್ರಶ್ನೆಯನ್ನು ಇಷ್ಟು ಒರಟಾಗಿಯೇ ಕೇಳಬೇಕು.

ಎಚ್ಚರಿಕೆಗಳು

ಸೇರಿಸಿಕೊಳ್ಳುವಾಗ ಡೊನೇಷನ್ ಕೇಳುವುದೂ, ಮಗುವಿಗೆ ಅಥವಾ ತಂದೆತಾಯಿಗೆ ಪರೀಕ್ಷೆ, ಸಂದರ್ಶನ ಮಾಡುವುದೂ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನ ಪ್ರಕಾರ ನಿಷಿದ್ಧ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಖಾಸಗಿ ಶಾಲೆಗಳ ಶೇ 25 ಉಚಿತ ಸೀಟುಗಳನ್ನು ನಂಬಿ ಕೂರಬೇಡಿ: 2019ರಲ್ಲಿ ರಾಜ್ಯ ನಿಯಮ ತಿದ್ದಿದ ಮೇಲೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಆ ಸೀಟುಗಳು ಬಹುತೇಕ ಇಲ್ಲವಾಗಿವೆ. ಶಾಲೆ ಬದಲಿಸಬೇಕಾಗಿ ಬಂದರೆ ಮುಖ್ಯಸ್ಥರು ವರ್ಗಾವಣೆ ಪತ್ರವನ್ನು ತಡವಿಲ್ಲದೆ ಕೊಡಬೇಕು. ಅದು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಬದಲಿಸುವುದಿದ್ದರೆ ಎರಡನೇ ತರಗತಿಯೊಳಗೆ, ವರ್ಷದ ಆರಂಭದಲ್ಲಿ ಬದಲಿಸಿ.

ಸೇರಿಸಿದ ಮೇಲೆ ಮನೆಯ ಕೆಲಸ ಎರಡೂ ಕಡೆ ಬೇರೆ ಬೇರೆ. ಸರ್ಕಾರಿ ಶಾಲೆಗೆ ಸೇರಿಸಿದವರು ಉಳಿದ ಹಣದಲ್ಲಿ ಸ್ವಲ್ಪವನ್ನು ಕತೆ ಪುಸ್ತಕಕ್ಕೂ, ಸರಳ ಇಂಗ್ಲಿಷ್ ಕೇಳಿಸಿ ಮಾತಾಡಿಸಲು ಸಿಗುವ ನೆರವಿಗೂ ಇಡಿ. ಆ ಹಣ ಮನೆಯ ಖರ್ಚಿನಲ್ಲಿ ಕರಗಿಹೋದರೆ ಈ ಇಡೀ ವಾದ ಅರ್ಧಕ್ಕೆ ನಿಲ್ಲುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಾಲ್ಕನೆಯ ಮೂರು ಪಾಲು ಪೋಷಕರೇ ಇರಬೇಕೆಂಬ ನಿಯಮವಿದೆ, ಅರ್ಧದಷ್ಟು ಮಹಿಳೆಯರಿರಬೇಕು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಜೂನ್‌ನಲ್ಲೇ ಕೇಳಿ ಪಡೆಯುವುದು, ಮೊಟ್ಟೆ-ಹಾಲು-ಊಟ ಸರಿಯಾಗಿದೆಯೇ ನೋಡುವುದು ಆ ಸಮಿತಿಯ ಕೈಯಲ್ಲಿದೆ. ಆ ಸಭೆಗೆ ಹೋಗದೆ ಶಾಲೆ ಸರಿಯಿಲ್ಲ ಎನ್ನಬೇಡಿ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರು ಮೂರನೇ ತರಗತಿಯೊಳಗೆ ಕನ್ನಡ ಓದನ್ನು ಮನೆಯಲ್ಲಿ ಗಟ್ಟಿ ಮಾಡಿ, ದಿನಕ್ಕೆ ಕಾಲು ಗಂಟೆಯಾದರೂ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಇದೆ. ಮುಂಗಡ ಹಣ ಕಟ್ಟುವ ಮೊದಲು ಅಲ್ಲಿಗೆ ಒಂದು ಸಲ, ಊರ ಶಾಲೆಯ ಮೂರನೇ ತರಗತಿಗೆ ಒಂದು ಸಲ, ಬಸ್ಸಿನ ಶಾಲೆಯ ಮೂರನೇ ತರಗತಿಗೆ ಒಂದು ಸಲ ಹೋಗಿ ಬನ್ನಿ. ಒಂದೆರಡು ದಿನದ ಕೂಲಿ ಹೋಗಬಹುದು, ಹೋಗಲಿ.